ಜೋಳದ ಋಣ, ಗೆಳೆತನದ ಋಣ



ನಮ್ಮ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಉಂಡ ಜೋಳದ ಋಣಕ್ಕಾಗಿ ಒಡೆಯನ ಪಕ್ಷದಲ್ಲಿ ನಿಂತು ಕಾದುವುದೆಂದು ಅದರ ತಾತ್ಪರ್ಯ. ಬಹುಕಾಲ ಪಂಪಭಾರತವನ್ನು ಪಾಠ ಹೇಳಿದ ನನಗೆ, ಕರ್ಣನ ಪ್ರಸಂಗ ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತಿತ್ತು: ತಪ್ಪು ಮಾಡಿದವನ ಬಳಿ ನಿಲ್ಲುವುದು ಎಷ್ಟರಮಟ್ಟಿಗೆ ಧರ್ಮ? ಅದೇ ಪ್ರಶ್ನೆಯನ್ನು ನನ್ನ ಮುಂದೆ ಮತ್ತೆ ತಂದಿಟ್ಟದ್ದು ಅಮೆರಿಕದ ಚಿತ್ರರಂಗದ ಒಂದು ಘಟನೆ.

ಡಿಸ್ನಿ ಸಂಸ್ಥೆಗೆ ಸೇರಿದ ಮಾರ್ವೆಲ್ ಸ್ಟುಡಿಯೋಸ್ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಎಂಬ ಚಿತ್ರವನ್ನು 2014ರಲ್ಲಿಯೂ, ಅದರ ಎರಡನೆಯ ಭಾಗವನ್ನು 2017ರಲ್ಲಿಯೂ ಹೊರತಂದಿತು. ಎರಡರ ನಿರ್ದೇಶಕರೂ ಜೇಮ್ಸ್ ಗನ್. ಮೂರನೆಯ ಭಾಗವೂ ಅವರದೇ ಆಗಬೇಕಾಗಿತ್ತು. ಅಷ್ಟರಲ್ಲಿ, ಹಲವು ವರ್ಷಗಳ ಹಿಂದೆ ಅವರು ಟ್ವಿಟರ್‌ನಲ್ಲಿ ಬರೆದಿದ್ದ ನಗೆಮಾತುಗಳನ್ನು ಅವರ ರಾಜಕೀಯ ವಿರೋಧಿಗಳು ಹುಡುಕಿ ತೆಗೆದರು. ಮಕ್ಕಳ ಮೇಲಿನ ದೌರ್ಜನ್ಯವನ್ನೂ ಅತ್ಯಾಚಾರವನ್ನೂ ಕುರಿತ ಆ ಮಾತುಗಳು ಹೇಸಿಗೆ ಹುಟ್ಟಿಸುವಂಥವು. ಗನ್ ಕ್ಷಮೆ ಬೇಡಿದರು. ಆದರೂ 2018ರ ಜುಲೈ 20ರಂದು ಡಿಸ್ನಿ ಅವರನ್ನು ಕೆಲಸದಿಂದ ತೆಗೆದುಹಾಕಿತು.

ಚಿತ್ರದ ಪ್ರಮುಖ ಕಲಾವಿದರು ಆಗ ಏನು ಮಾಡಬೇಕಾಗಿತ್ತು? ಜೋಳವಾಳಿಯ ಲೆಕ್ಕದಲ್ಲಿ ಅವರ ಒಡೆಯ ಡಿಸ್ನಿ. ಕರಾರು ಅದರೊಡನೆ, ಸಂಭಾವನೆ ಅದರಿಂದ. ಮೌನವಾಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಹತ್ತು ದಿನ ಆಲೋಚಿಸಿ, ತಮ್ಮಲ್ಲಿ ಚರ್ಚಿಸಿ, ಜುಲೈ 30ರಂದು ಅವರು ಒಂದು ಬಹಿರಂಗ ಪತ್ರವನ್ನು ಪ್ರಕಟಿಸಿದರು. ಕ್ರಿಸ್ ಪ್ರ್ಯಾಟ್, ಜೋಯಿ ಸಲ್ಡಾನಾ, ಡೇವ್ ಬಟಿಸ್ಟಾ, ಬ್ರಾಡ್ಲಿ ಕೂಪರ್, ವಿನ್ ಡೀಸೆಲ್ ಮೊದಲಾದ ಒಂಬತ್ತು ಮಂದಿಯ ಸಹಿ ಅದರಲ್ಲಿತ್ತು. ಆ ಹಳೆಯ ಮಾತುಗಳನ್ನು ಸಮರ್ಥಿಸುವುದು ತಮ್ಮ ಉದ್ದೇಶವಲ್ಲವೆಂದು ಅವರು ಸ್ಪಷ್ಟಪಡಿಸಿದರು. ತಾವು ಜೊತೆಯಲ್ಲಿ ದುಡಿದು ಕಂಡ ಮನುಷ್ಯನ ಮೇಲೆ ತಮಗಿರುವ ವಿಶ್ವಾಸವನ್ನು ಹೇಳಿ, ಅವರಿಗೆ ತಮ್ಮ ಪೂರ್ಣ ಬೆಂಬಲವಿದೆ ಎಂದರು. ಬಟಿಸ್ಟಾ ಅವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಗನ್ ಬರೆದ ಚಿತ್ರಕಥೆಯನ್ನು ಕೈಬಿಟ್ಟರೆ ತಮ್ಮನ್ನೂ ಬಿಡುಗಡೆ ಮಾಡಿ ಎಂದರು.

ಪತ್ರ ಪ್ರಕಟವಾದೊಡನೆ ಬಾಗಿಲು ತೆರೆಯಲಿಲ್ಲ. ಈ ಮಧ್ಯೆ ಪ್ರತಿಸ್ಪರ್ಧಿ ಸಂಸ್ಥೆಯಾದ ವಾರ್ನರ್ ಬ್ರದರ್ಸ್ ಗನ್ ಅವರನ್ನು ‘ದಿ ಸೂಯಿಸೈಡ್ ಸ್ಕ್ವಾಡ್’ ಚಿತ್ರಕ್ಕೆ ಕರೆಯಿತು. 2019ರ ಮಾರ್ಚ್ ತಿಂಗಳಲ್ಲಿ, ಡಿಸ್ನಿ ಅವರನ್ನು ಮತ್ತೆ ನೇಮಿಸಿದ ಸುದ್ದಿ ಬಂತು. ಒಂಬತ್ತು ಸಹಿಗಳಿಂದಲೇ ಇದು ಆಯಿತೆಂದು ನಾನು ಹೇಳಲಾರೆ. ಸ್ಟುಡಿಯೋಗಳು ಗಲ್ಲಾಪೆಟ್ಟಿಗೆಯ ಮಾತನ್ನೂ ಕೇಳುತ್ತವೆ. ಆದರೆ ನಟರು ಪತ್ರ ಬರೆದಾಗ ಫಲ ದೊರೆಯುವ ಭರವಸೆ ಅವರಿಗಿರಲಿಲ್ಲ. ಅವರ ಮಾತಿಗೆ ತೂಕ ಬಂದದ್ದು ಅದರಿಂದಲೇ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಇವರೆಲ್ಲ ಹೆಸರಾಂತ ತಾರೆಯರು. ಅದೇ ಸೆಟ್ಟಿನ ಒಬ್ಬ ಲೈಟ್‌ಬಾಯ್ ಹೀಗೆ ಬರೆದಿದ್ದರೆ ಅವನ ಗತಿಯೇನಾಗುತ್ತಿತ್ತು? ಇನ್ನೂ ಗಂಭೀರವಾದ ಮಾತೆಂದರೆ, ಬಾಲ್ಯದಲ್ಲಿ ಅಂಥ ದೌರ್ಜನ್ಯವನ್ನು ಉಂಡವರಿಗೆ ಆ ನಗೆಮಾತು ನಗೆಯಾಗಿ ಕೇಳಿಸುವುದಿಲ್ಲ. ಅವರ ನೋವನ್ನು ಮರೆತ ಯಾವ ನಿಷ್ಠೆಯೂ ಕೇವಲ ಪಕ್ಷಪಾತವಾಗುತ್ತದೆ. ಪತ್ರದ ಮರ್ಯಾದೆಯನ್ನು ಉಳಿಸಿದ್ದು, ತಪ್ಪನ್ನು ತಪ್ಪಲ್ಲವೆಂದು ಸಾಧಿಸಲು ಹೊರಡದ ಅದರ ಸಂಯಮ.

ಕರ್ಣನ ದುರಂತವೂ ಇಲ್ಲಿಯೇ ಇದೆ. ತನ್ನ ಜನ್ಮರಹಸ್ಯ ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಆ ನನ್ನಿಗೆ ಪಂಪನೂ ತಲೆಬಾಗಿದ್ದಾನೆ. ಆದರೆ ಗೆಳೆಯನೊಡನೆ ಗೆಳೆಯನ ಅನ್ಯಾಯವನ್ನೂ ಕರ್ಣ ತನ್ನದಾಗಿಸಿಕೊಂಡ. ಗೆಳೆಯನನ್ನು ಬಿಡದೆ ಅವನ ತಪ್ಪನ್ನು ಮಾತ್ರ ಬಿಡುವುದು ಬಹಳ ಕಷ್ಟದ ವ್ರತ.

ಮೂರನೆಯ ಚಿತ್ರ 2023ರ ಮೇ ತಿಂಗಳಲ್ಲಿ ತೆರೆಕಂಡಿತು. ಸಾವಿನಂಚಿನಲ್ಲಿರುವ ರಾಕೆಟ್ ಎಂಬ ಜೊತೆಗಾರನನ್ನು ಉಳಿಸಲು ಗೆಳೆಯರೆಲ್ಲ ಪ್ರಾಣವನ್ನು ಪಣವಿಟ್ಟು ಹೊರಡುವುದೇ ಅದರ ಕಥೆ. ಆ ಪಾತ್ರಗಳನ್ನು ಅಭಿನಯಿಸಿದವರು ಐದು ವರ್ಷಗಳ ಹಿಂದೆ ಒಂದು ಕಾಗದಕ್ಕೆ ಸಹಿ ಮಾಡಿದ್ದರೆಂಬುದನ್ನು ತಿಳಿದು ನೋಡಿದಾಗ, ನನಗೆ ಆ ಕಥೆ ಕೇವಲ ಕಲ್ಪನೆಯೆನಿಸಲಿಲ್ಲ.