ಪಕ್ಕದ ಖೋಲಿಯ ಬಾಗಿಲು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಶಿಗೆ ಹೋಗಿ ಬಂದವರು ನಮ್ಮಲ್ಲಿ ಹಲವರಿದ್ದಾರೆ. ಜಂಗಮವಾಡಿ ಮಠದಲ್ಲಿ ಇಳಿದು, ಗಂಗೆಯಲ್ಲಿ ಮುಳುಗಿ, ವಿಶ್ವನಾಥನ ದರ್ಶನ ಮಾಡಿ, ಗಿಂಡಿಯಲ್ಲಿ ತೀರ್ಥ ತುಂಬಿಕೊಂಡು ಬರುತ್ತೇವೆ. ನಾನಿಂದು ಹೇಳುವುದೂ ಕಾಶಿಯ ಕಡೆಯ ಸುದ್ದಿಯೇ. ಅದೇ ವಾರಾಣಸಿ ಜಿಲ್ಲೆಯ ಖುಶಿಯಾರಿ ಎಂಬ ಹಳ್ಳಿಯದು.

ಅಲ್ಲಿ ಗಂಡಸರ ದುಡಿಮೆ ಸಾರಾಯಿಗೂ ಜೂಜಿಗೂ ಹೋಗುತ್ತಿತ್ತು. ಬರಿಗೈಯಲ್ಲಿ ಬಂದವರು ಹೆಂಡಿರ ಮೇಲೆ ಕೈಮಾಡುತ್ತಿದ್ದರು. 2014–15ರ ಸುಮಾರಿಗೆ ಬನಾರಸಿನ ಕೆಲವು ವಿದ್ಯಾರ್ಥಿಗಳು ಅಲ್ಲಿನ ಹೆಂಗಸರಿಗೆ ರುಜು ಹಾಕುವಷ್ಟು ಅಕ್ಷರವನ್ನೂ, ಆತ್ಮರಕ್ಷಣೆಯ ಪಟ್ಟುಗಳನ್ನೂ ಕಲಿಸಿದರು. ಹೆಂಗಸರು ಹಸಿರು ಸೀರೆಯುಟ್ಟು, ಬಿದಿರುಕೋಲು ಹಿಡಿದು, ಗುಂಪಾಗಿ ಹೊರಟರು. ಹೊಡೆಯುವವನ ಮನೆಗೆ ಹೋಗಿ ಮೊದಲು ಬುದ್ಧಿಮಾತು. ಕೇಳದಿದ್ದರೆ ಪೊಲೀಸಿಗೆ ದೂರು. ‘ಗ್ರೀನ್ ಗ್ರೂಪ್’ ಎಂದು ಹೆಸರಾಗಿ ಸುತ್ತಲ ಹಳ್ಳಿಗಳಿಗೂ ಅದು ಹಬ್ಬಿತು. ಕೋಲಿಗಿಂತ ನನಗೆ ದೊಡ್ಡದಾಗಿ ಕಂಡದ್ದು, ಒಬ್ಬಳಿಗೆ ಬಿದ್ದ ಪೆಟ್ಟಿಗೆ ಊರಿನ ಹೆಂಗಸರೆಲ್ಲ ಎದ್ದು ಬಂದದ್ದು.

ಪಾಪ, ಕಾಶಿಯ ಕಡೆಯವರು ಎಂದು ಮರುಗಬೇಡಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿರಿ. 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಕಂಡವರು ಉತ್ತರ ಪ್ರದೇಶದಲ್ಲಿ ನೂರಕ್ಕೆ ಸುಮಾರು 35. ನಮ್ಮ ಕರ್ನಾಟಕದಲ್ಲಿ 44!

ಚಾಳಿನ ಬದುಕು ನಿಮಗೆ ಗೊತ್ತು. ಪಕ್ಕದ ಖೋಲಿಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಪೆಟ್ಟಿನ ಸದ್ದು ಮಾತ್ರ ಕೇಳುವುದಿಲ್ಲವೆ? “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ಮಗ್ಗುಲು ಬದಲಿಸುತ್ತೇವೆ. ಆ ಗಾದೆ ಮಾಡಿದವನು ಪೆಟ್ಟು ತಿಂದವನಲ್ಲವೆಂದೇ ನನ್ನ ಅನುಮಾನ. ಮಾತಿನ ಜಗಳ ಉಂಡು ಮಲಗಿದರೆ ಮುಗಿದೀತು. ಮುರಿದ ಕೈ ಮುಗಿಯುತ್ತದೆಯೆ?

“ಕುಡಿದಿದ್ದೆ, ತಲೆ ಕೆಟ್ಟಿತ್ತು” ಎನ್ನುವವರಿದ್ದಾರೆ. ಹೊಟೆಲಿನಲ್ಲಿ ಮಾಲೀಕರು ಹತ್ತು ಜನರೆದುರು ಬೈದಾಗ ತಲೆ ಕೆಡುವುದಿಲ್ಲವೆ? ಆಗ ಏಳದ ಕೈ ಮನೆಗೆ ಬಂದ ಮೇಲೆ ಏಕೆ ಏಳುತ್ತದೆ? ಅಲ್ಲಿ ಹೊಡೆದರೆ ಕೆಲಸ ಹೋಗುತ್ತದೆ, ಇಲ್ಲಿ ಕೇಳುವವರಿಲ್ಲ ಎಂಬ ಲೆಕ್ಕ ಕುಡಿದವನಿಗೂ ಚೆನ್ನಾಗಿ ತಿಳಿದಿರುತ್ತದೆ.

ಕೇಳುವವರು ಇರಲೆಂದೇ 2005ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಮಹಿಳೆಯರ ರಕ್ಷಣೆಯ ಕಾಯಿದೆಯಾಯಿತು. 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಪೆಟ್ಟು ಮಾತ್ರವಲ್ಲ, ಹೀನಾಯದ ಮಾತೂ ಹಿಂಸೆಯೇ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಸೋದರರು ಇದನ್ನು ಗಮನಿಸಬೇಕು: ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಅದರಲ್ಲಿ ಸೇರಿದೆ. ಖೋಲಿ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ಬಾಳುವ ಹಕ್ಕುಂಟು. ರಕ್ಷಣೆಯ ಆಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಆ ಕಾಯಿದೆಯ 4ನೆಯ ಕಲಮು ನಮಗಾಗಿಯೇ ಬರೆದಂತಿದೆ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು; ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. ಹೆಂಗಸರಿಗೆ ವಕೀಲರ ನೆರವು ಸರಕಾರದಿಂದ ಧರ್ಮಕ್ಕೆ ಸಿಗುತ್ತದೆ.

ಇನ್ನು ಮೇಲೆ ಸದ್ದು ಕೇಳಿದರೆ ಇಬ್ಬರು ಮೂವರು ಕೂಡಿ ಹೋಗಿ ಬಾಗಿಲು ತಟ್ಟಿರಿ. ಸಕ್ಕರೆ ಕೇಳುವ ನೆಪ ಸಾಕು. ಎತ್ತಿದ ಕೈ ಆ ಹೊತ್ತಿಗಾದರೂ ಇಳಿದೀತು. ಮರುದಿನ ಆ ತಂಗಿಯನ್ನು ಒಬ್ಬಳನ್ನೇ ಕಂಡು ಏನು ಬೇಕೆಂದು ಕೇಳಿರಿ. ಅವಳ ಮಾತು ನಡೆಯಲಿ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಕಾಯದೆ 112ಕ್ಕೆ ಫೋನು ಮಾಡಿರಿ. ಮಹಿಳೆಯರ ಸಹಾಯದ ನಂಬರು 181. ಇವೆರಡನ್ನೂ ಕಚೇರಿಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕೆಂದು ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ.