ತಲೆಸುತ್ತು: ಹರೆಯದ ದೇಹ ನೀಡುವ ಸೂಚನೆ



ತಲೆಸುತ್ತು ಸ್ವತಃ ಒಂದು ರೋಗವಲ್ಲ. ಹಲವು ಕಾರಣಗಳಿಂದ ತೋರುವ ಲಕ್ಷಣ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಬಾಲಕಿಯೊಬ್ಬಳು ಕುಸಿದರೆ ಕೆಲವರು ಅದನ್ನು ಗಾಳಿಸೋಂಕು ಎನ್ನುತ್ತಾರೆ, ಕೆಲವರು ಓದು ತಪ್ಪಿಸುವ ನೆಪವೆನ್ನುತ್ತಾರೆ. ಎರಡು ಮಾತುಗಳೂ ಕಾರಣದ ಶೋಧವನ್ನು ಅಲ್ಲಿಗೇ ನಿಲ್ಲಿಸುತ್ತವೆ. ಆ ಕಾರಣವಾದರೋ ಅನೇಕ ಬಾರಿ ಸುತ್ತಲಿನ ನೀರು, ಅನ್ನ ಮತ್ತು ನೆರಳಿನ ಕೊರತೆಯಲ್ಲಿಯೇ ಇರುತ್ತದೆ.

ಕಲಬುರಗಿ ಜಿಲ್ಲೆಯನ್ನೇ ನೋಡಬಹುದು. ಚಿಂಚೋಳಿಯ ಗುಡ್ಡಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆ ಹಸಿರನ್ನು ದಾಟಿ ಕಾಗಿಣಾ ನದಿಯ ಬಯಲಿಗೆ ಇಳಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುಣ್ಣಕಲ್ಲಿನ ಸೀಮೆ. ಸಿಮೆಂಟಿನ ಕಾರ್ಖಾನೆಗಳು, ಫರಸಿಕಲ್ಲಿನ ಗಣಿಗಳು. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹಗಲೆಲ್ಲ ಕಾದ ಕಲ್ಲಿನ ಚಾವಣಿ ರಾತ್ರಿಯೂ ಮನೆಯೊಳಗೆ ಶಾಖ ಸೂಸುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೊರಹೋಗಿ ರಕ್ತದ ಪ್ರಮಾಣ ಕುಗ್ಗುತ್ತದೆ. ಕುಳಿತವರು ಥಟ್ಟನೆ ಎದ್ದಾಗ ರಕ್ತ ಕಾಲುಗಳತ್ತ ಇಳಿದು, ಮಿದುಳಿಗೆ ಕ್ಷಣಕಾಲ ಕಡಿಮೆಯಾಗಿ, ಕಣ್ಣು ಕತ್ತಲಿಡುತ್ತದೆ. ಬೇಗ ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿ ಇದು ಸಾಮಾನ್ಯ. ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಬಾಲಕಿಯರು ಬೇಕೆಂದೇ ನೀರು ಕುಡಿಯದಿದ್ದರೆ ತೊಂದರೆ ಇಮ್ಮಡಿಯಾಗುತ್ತದೆ.

ಎರಡನೆಯ ಕಾರಣ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಬಾಲಕಿಯರಲ್ಲಿ ಶೇಕಡಾ 59, ಬಾಲಕರಲ್ಲಿ ಶೇಕಡಾ 31ರಷ್ಟು ಮಂದಿ ರಕ್ತಹೀನರು. ಕಬ್ಬಿಣಾಂಶ ಸಾಲದ ಆಹಾರ, ಮುಟ್ಟಿನ ಅಧಿಕ ಸ್ರಾವ, ಕೊಕ್ಕೆಹುಳು ಇದರ ಮೂಲಗಳು. ಮುಖ ಬಿಳಿಚುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಮಣ್ಣು ತಿನ್ನುವ ಬಯಕೆ ಇದರ ಗುರುತುಗಳು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಎಳ್ಳು ಈ ಸೀಮೆಯ ಸಂಪತ್ತೇ ಸರಿ. ಊಟಕ್ಕೆ ನಿಂಬೆರಸ ಬೆರೆತರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಅದು ತಡೆಯಲ್ಪಡುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಎಸೆಯದಂತೆ ನೋಡಿಕೊಳ್ಳಬೇಕು. ಬೆಳಗಿನ ಉಪಾಹಾರ ಬಿಡುವುದೂ ತಲೆ ತಿರುಗಲು ಕಾರಣವಾಗುತ್ತದೆ.

ಮೂರನೆಯದು ತೊಗರಿಯ ಹೊಲದ ವಿಷ. ಕಾಯಿಕೊರಕಕ್ಕೆ ಸಿಂಪಡಿಸುವ ಕೆಲವು ಕೀಟನಾಶಕಗಳು ಚರ್ಮದಿಂದಲೂ ಉಸಿರಿನಿಂದಲೂ ದೇಹ ಸೇರಿ ನರಗಳನ್ನು ಬಾಧಿಸುತ್ತವೆ. ಹೊಲದಿಂದ ಬಂದ ಹುಡುಗನಿಗೆ ತಲೆಸುತ್ತಿನೊಡನೆ ವಾಂತಿ, ವಿಪರೀತ ಬೆವರು, ಜೊಲ್ಲು ಇದ್ದು, ಕಣ್ಣಿನ ಪಾಪೆ ಕಿರಿದಾಗಿದ್ದರೆ ಅದನ್ನು ಬಿಸಿಲಿನ ಆಯಾಸವೆಂದು ಬಗೆಯಲಾಗದು. ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹದಿಹರೆಯದವರಿಗೆ ಸಿಂಪಡಣೆಯ ಕೆಲಸ ಕೊಡದಿರುವುದೇ ನಿಜವಾದ ರಕ್ಷಣೆ.

ಇನ್ನುಳಿದ ಕಾರಣಗಳೂ ಇವೆ. ಸುತ್ತಲಿನದೆಲ್ಲ ಗಿರ್ರನೆ ತಿರುಗಿದಂತಾದರೆ ಒಳಕಿವಿಯ ತೊಂದರೆಯೋ ಅರೆತಲೆನೋವೋ ಇರಬಹುದು. ಪರೀಕ್ಷೆಯ ಆತಂಕದಲ್ಲಿ ಉಸಿರು ವೇಗವಾದಾಗಲೂ ತಲೆ ಹಗುರಾಗುತ್ತದೆ, ಅದು ನಟನೆಯಲ್ಲ.

ತಲೆ ಸುತ್ತಿದವರನ್ನು ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ತುಸು ಎತ್ತರದಲ್ಲಿಡಬೇಕು. ಪೂರ್ಣ ಎಚ್ಚರವಿದ್ದರೆ ಮಾತ್ರ ಮಜ್ಜಿಗೆಯನ್ನೋ, ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ ಹಾಗೂ ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವನ್ನೋ ಕುಡಿಸಬೇಕು. ಓಡುವಾಗಲೇ ಮೂರ್ಛೆ, ಎದೆನೋವು, ತೀವ್ರ ತಲೆನೋವು, ತೊದಲು, ಕೈಕಾಲು ಸೋಲು, ಸೆಳವು, ತಲೆಗೆ ಪೆಟ್ಟು, ಕಾದ ಮೈಯೊಡನೆ ಗೊಂದಲದ ಮಾತು: ಇವುಗಳಲ್ಲಿ ಒಂದು ಕಂಡರೂ ವಿಳಂಬವಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಬಿಸಿಲಿಗೆ ಅಂಜಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ಕ್ಕೆ ಬದಲಿಸುವ ಪದ್ಧತಿಯಿದೆ. ಕಲ್ಲು ಹೊರುವ, ಕಳೆ ಕೀಳುವ ಎಳೆಯರಿಗೆ ಆ ರಿಯಾಯಿತಿ ಎಲ್ಲಿದೆ? ಶಾಲೆಯ ಅಂಗಳದಲ್ಲಿ ಬೇವು–ಹೊಂಗೆಯ ನೆರಳು, ಶುದ್ಧ ನೀರು, ಬಾಗಿಲಿರುವ ಶೌಚಾಲಯ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ: ಈ ನಾಲ್ಕನ್ನು ಪ್ರತಿ ಗ್ರಾಮಸಭೆಯೂ ಹಕ್ಕೆಂದು ಕೇಳಬೇಕು. ಬೆಟ್ಟದ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ. ಮರ ಕಡಿದು ಕಲ್ಲು ತೆಗೆದಲ್ಲೆಲ್ಲ ಬಿಸಿಲು ಮೊದಲು ತಟ್ಟುವುದು ಮಕ್ಕಳ ನೆತ್ತಿಗೇ.