ಮೊದಲು ಸಮವಸ್ತ್ರ, ಆಮೇಲೆ ಎಂ.ಎ.



ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಕಾಶೀಯಾತ್ರೆ ಅಂತ ಒಂದು ಶಾಸ್ತ್ರ ಇದೆ. ಮದುಮಗ ಕೈಯಲ್ಲಿ ಛತ್ರಿ, ಕೋಲು ಹಿಡಿದು, ಕಂಕುಳಲ್ಲಿ ಪುಸ್ತಕ ಸಿಕ್ಕಿಸಿಕೊಂಡು, ಕಾಶಿಗೆ ಹೋಗಿ ಓದುತ್ತೇನೆ ಅಂತ ಛತ್ರದ ಬಾಗಿಲು ದಾಟುತ್ತಾನೆ. ಹೆಣ್ಣಿನ ತಂದೆ ಅಡ್ಡ ಬಂದು, ಮಗಳನ್ನು ಕೊಡುತ್ತೇವೆ, ಬನ್ನಿ ಅಂತ ಒಳಗೆ ಕರೆತರುತ್ತಾರೆ. ಫೋಟೋದವನು ಇನ್ನೊಂದು ಸಲ ಹೊರಡಿ ಸ್ವಾಮಿ ಅಂದರೆ, ಮದುಮಗ ಇನ್ನೊಂದು ಸಲ ಹೊರಡುವುದೂ ಉಂಟು. ಈ ಹುಡುಗ ನಿಜವಾಗಿಯೂ ಕಾಶಿಗೆ ಹೋಗಿಬಿಟ್ಟಿದ್ದರೆ ಅವನ ಖರ್ಚು ಯಾರು ನೋಡಿಕೊಳ್ಳುತ್ತಿದ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಹಿಂದೆ ಅದಕ್ಕೆ ಉತ್ತರವಿತ್ತು. ಕಾಶಿಯಲ್ಲಿ ಮಠಗಳಿದ್ದವು, ಅನ್ನಛತ್ರಗಳಿದ್ದವು. ಜಂಗಮವಾಡಿ ಮಠದಲ್ಲಿ ತಲೆಮಾರುಗಳಿಂದ ಕರ್ನಾಟಕದ ವಿದ್ಯಾರ್ಥಿಗಳು ಉಂಡು, ಮಲಗಿ, ಸಂಸ್ಕೃತ ಓದಿದ್ದಾರೆ. 1791ರಲ್ಲಿ ಅಲ್ಲೊಂದು ಸಂಸ್ಕೃತ ಕಾಲೇಜು ಶುರುವಾಯಿತು. ಇವತ್ತಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದಲೇ. 1916ರಲ್ಲಿ ಮದನಮೋಹನ ಮಾಳವೀಯರ ಹಿಂದೂ ವಿಶ್ವವಿದ್ಯಾಲಯ ಬಂತು. ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಮುಂದೆ ಬೆಂಗಳೂರಿನಿಂದ ಬಿ.ಎಸ್‌ಸಿ. ಮುಗಿಸಿ ಅಲ್ಲಿಗೆ ಹೋದ ಸಿ.ಎನ್.ಆರ್. ರಾವ್ 1953ರಲ್ಲಿ ಎಂ.ಎಸ್‌ಸಿ. ಪಡೆದರು. ಓದುವ ಹುಡುಗರಿಗೆ ಆಸರೆಯಾಗಿದ್ದದ್ದು ಮಠ, ಮಹಾರಾಜರು, ವಿದ್ಯಾರ್ಥಿವೇತನ, ಇಲ್ಲದಿದ್ದರೆ ಅಪ್ಪನ ಗದ್ದೆ.

ಇವತ್ತಿನ ಮಾತು ಇನ್ನೊಂದು ದಾರಿಯ ಬಗ್ಗೆ. ಪದವಿ ಮುಗಿಸಿ ಕೆಲವು ವರ್ಷ ಸೈನ್ಯದಲ್ಲಿ ದುಡಿಯುವುದು, ಆ ದುಡ್ಡಿನಲ್ಲಿ ಮುಂದೆ ಓದುವುದು. ಇದು ಅಮೆರಿಕದವರ ದಾರಿ ಅಂತ ನಾವು ತಿಳಿದಿದ್ದೇವೆ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಜಿ.ಐ. ಬಿಲ್ ಅನ್ನುವ ಕಾಯಿದೆ ಯುದ್ಧದಿಂದ ಮರಳಿದ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಕಾಲೇಜು ಶುಲ್ಕ ಕೊಟ್ಟಿತು, ಮೇಲೆ ಊಟ ವಸತಿಗೆ ತಿಂಗಳ ಭತ್ಯೆ ಕೊಟ್ಟಿತು. ಸುಮಾರು 22 ಲಕ್ಷ ಮಂದಿ ಅದರ ಬಲದಲ್ಲಿ ಕಾಲೇಜು ಮೆಟ್ಟಿಲು ಹತ್ತಿದರು.

ಅದೇ ಯುದ್ಧದಲ್ಲಿ ನಮ್ಮವರೂ ಇದ್ದರಲ್ಲ? ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅವರಿಗೆ ಬ್ರಿಟಿಷ್ ಸರ್ಕಾರ ಮಾಡಿದ್ದು ಯುದ್ಧೋತ್ತರ ಪುನರ್ನಿರ್ಮಾಣ ನಿಧಿ. ಹೋರಾಡುವ ಸೈನಿಕನೊಬ್ಬನ ಲೆಕ್ಕಕ್ಕೆ ತಿಂಗಳಿಗೆ 2 ರೂಪಾಯಿ, ಅಡುಗೆಯವನು, ಕ್ಷೌರದವನು ಮುಂತಾದವರ ಲೆಕ್ಕಕ್ಕೆ 1 ರೂಪಾಯಿ. ಅದೂ ಅವರವರ ಕೈಗೆ ಸಿಗುವ ಹಣವಲ್ಲ, ಎಲ್ಲರ ಒಳಿತಿಗೆ ಅಂತ ಒಟ್ಟಾಗಿ ಇಟ್ಟದ್ದು.

ಕಾಶಿಯ ಸೀಮೆಗೂ ಸೈನ್ಯಕ್ಕೂ ನಂಟು ಬೆಳೆದದ್ದು ಅದಕ್ಕಿಂತ ಮೊದಲೇ. ಬನಾರಸ್, ಗಾಜೀಪುರ, ಬಲಿಯಾ ಕಡೆಯ ರೈತರ ಮಕ್ಕಳು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ತುಂಬಿಕೊಂಡಿದ್ದರು. 1857ರ ದಂಗೆಯಾದ ಮೇಲೆ ಬ್ರಿಟಿಷರು ಈ ಪೂರ್ವದವರ ಮೇಲಿನ ನಂಬಿಕೆ ಬಿಟ್ಟು ಪಂಜಾಬಿಗೆ, ನೇಪಾಳಕ್ಕೆ ಹೋದರು. ಆದರೂ ಅಲ್ಲಿನ ಹಳ್ಳಿಗಳು ಸೈನ್ಯವನ್ನು ಬಿಡಲಿಲ್ಲ. ಗಾಜೀಪುರ ಜಿಲ್ಲೆಯ ಗಹಮರ್ ಎಂಬ ಊರು ಇವತ್ತಿಗೂ ಸೈನಿಕರ ಊರೆಂದೇ ಹೆಸರಾಗಿದೆ. 1965ರಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಒಡೆದು ಮರಣೋತ್ತರ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅದೇ ಜಿಲ್ಲೆಯ ಧಾಮೂಪುರದವರು.

ಓದಿದ ಹುಡುಗರನ್ನು ಸೈನ್ಯ ಕರೆದದ್ದು ಬೇರೆ ಬಾಗಿಲಿನಿಂದ. 1920ರ ಪ್ರಾದೇಶಿಕ ಸೇನಾ ಕಾಯಿದೆಯಡಿ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ದಳಗಳು ಬಂದವು. ಎರಡನೇ ಮಹಾಯುದ್ಧ ಬಂದಾಗ ಪದವೀಧರರಿಗೆ ತುರ್ತು ಕಮಿಷನ್, ಅಂದರೆ ತಾತ್ಕಾಲಿಕ ಅಧಿಕಾರಿ ಹುದ್ದೆ, ಕೊಟ್ಟರು. ಅವರಿಗೆ ತರಬೇತಿ ಕೊಟ್ಟ ಶಾಲೆಗಳಲ್ಲಿ ಎರಡು ನಮ್ಮಲ್ಲೇ ಇದ್ದವು, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಬೆಳಗಾವಿಯಲ್ಲಿ. ಆದರೆ ಅದೇ ಹೊತ್ತಿಗೆ ಕಾಶಿಯ ಕ್ಯಾಂಪಸ್ಸಿನಲ್ಲಿ ಸಮವಸ್ತ್ರದ ಅರ್ಥವೇ ಬೇರೆಯಾಗಿತ್ತು. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಭುಗಿಲೆದ್ದಾಗ ಸೈನ್ಯ ವಿಶ್ವವಿದ್ಯಾಲಯದೊಳಗೇ ಬಂದು ಕೂತಿತು. ಆಗ ಕುಲಪತಿಗಳಾಗಿದ್ದವರು ಸರ್ವೇಪಲ್ಲಿ ರಾಧಾಕೃಷ್ಣನ್, ಹಿಂದೆ ನಮ್ಮ ಮೈಸೂರಿನಲ್ಲಿ ಪಾಠ ಹೇಳಿದ್ದವರು. ಕ್ಯಾಂಪಸ್ಸನ್ನು ಯುದ್ಧದ ಆಸ್ಪತ್ರೆ ಮಾಡಿಬಿಡುತ್ತೇನೆ ಅಂತ ಪ್ರಾಂತದ ಗವರ್ನರ್ ಹೊರಟಾಗ, ಅವರು ದೆಹಲಿಗೆ ಓಡಿ ವೈಸರಾಯರಿಗೆ ಹೇಳಿ ಅದನ್ನು ತಪ್ಪಿಸಿದರು. ಅಂಥ ದಿನಗಳಲ್ಲಿ ಸೈನ್ಯದ ಸಂಬಳದಲ್ಲಿ ಎಂ.ಎ. ಮಾಡುತ್ತೇನೆ ಅಂತ ಹಾಸ್ಟೆಲಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿಯಾರೇ?

ಸ್ವಾತಂತ್ರ್ಯ ಬಂದ ಮೇಲೆ ಸಂಕೋಚ ಹೋಯಿತು. ಹೃದಯನಾಥ ಕುಂಜ್ರು ಅವರ ಸಮಿತಿಯ ಸಲಹೆಯಂತೆ 1948ರಲ್ಲಿ ಎನ್.ಸಿ.ಸಿ. ಶುರುವಾಯಿತು. 1962ರಲ್ಲಿ ಚೀನಾ ಯುದ್ಧದ ಪೆಟ್ಟು ಬಿದ್ದಾಗ ಅಧಿಕಾರಿಗಳ ಕೊರತೆ ಎದ್ದು ಕಂಡಿತು. 1963ರ ಜನವರಿಯಲ್ಲಿ ಪುಣೆ ಮತ್ತು ಮದ್ರಾಸಿನಲ್ಲಿ ಅಧಿಕಾರಿ ತರಬೇತಿ ಶಾಲೆಗಳು ತೆರೆದು, ಮತ್ತೆ ತುರ್ತು ಕಮಿಷನ್ ಕೊಟ್ಟು ಕಾಲೇಜಿನ ಹುಡುಗರನ್ನು ಸೇರಿಸಿಕೊಂಡರು. ಎಷ್ಟೋ ಮಂದಿ ಎರಡೇ ವರ್ಷದಲ್ಲಿ 1965ರ ಯುದ್ಧ ಕಂಡರು. ಆಮೇಲೆ ಅವರಲ್ಲಿ ಬಹಳ ಮಂದಿಯನ್ನು ಬಿಡುಗಡೆ ಮಾಡಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಪ್ಪತ್ತೇಳು, ಇಪ್ಪತ್ತೆಂಟರ ಪ್ರಾಯದ, ಯುದ್ಧ ನೋಡಿ ಬಂದ ಪದವೀಧರರು ಸಾಲುಗಟ್ಟಿ ಹೊರಗೆ ಬರುತ್ತಿದ್ದಾರೆ. ಅಮೆರಿಕ ಇಂಥ ಹುಡುಗರಿಗೆ ವಿಶ್ವವಿದ್ಯಾಲಯದ ಬಾಗಿಲು ತೋರಿಸಿತ್ತು. ನಮ್ಮ ಸರ್ಕಾರ ನೌಕರಿಯ ಬಾಗಿಲು ತೋರಿಸಿತು. ಬಿಡುಗಡೆಯಾದ ತುರ್ತು ಕಮಿಷನ್ ಅಧಿಕಾರಿಗಳಿಗೆ ಕೇಂದ್ರ ಸೇವೆಗಳಲ್ಲಿ ಹುದ್ದೆ ಕಾದಿರಿಸುವ ನಿಯಮಗಳು 1967ರಲ್ಲಿ ಬಂದವು, ವಯೋಮಿತಿಯನ್ನೂ ಸಡಿಲಿಸಿದರು. ಎಂ.ಎ. ಮಾಡಿ ಕಾಯುವುದಕ್ಕಿಂತ ಐ.ಎ.ಎಸ್. ಪರೀಕ್ಷೆಗೆ ಕೂರುವುದು ಜಾಣತನ ಅಂತ ಅವರಿಗೆ ಅನ್ನಿಸಿದ್ದರೆ ತಪ್ಪೇನು? ಬಡ ದೇಶ, ಮನೆಯಲ್ಲಿ ಕಾಯುತ್ತಿರುವ ಸಂಸಾರ. ಓದಿಗಿಂತ ನೌಕರಿಯೇ ಹೆಚ್ಚು ಅಂತ ಸರ್ಕಾರಕ್ಕೂ ಅನ್ನಿಸಿತು, ಮನೆಯವರಿಗೂ ಅನ್ನಿಸಿತು. ಆ ಮನಸ್ಸು ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ನಮ್ಮಲ್ಲಿ ಸೈನಿಕನಿಗೆ ಸಂಬಳ ಕೊಟ್ಟೆವು, ನೌಕರಿಯಲ್ಲಿ ಮೀಸಲು ಕೊಟ್ಟೆವು, ಅವನ ಮಕ್ಕಳ ಓದಿಗೆ ದುಡ್ಡು ಕೊಟ್ಟೆವು. ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಮಾಜಿ ಸೈನಿಕರ ಮಗಳಿಗೆ ತಿಂಗಳಿಗೆ 3,000, ಮಗನಿಗೆ 2,500 ರೂಪಾಯಿ ಸಿಗುತ್ತದೆ. ಆ ಸೈನಿಕನೇ ಎಂ.ಎ. ಓದುತ್ತೇನೆ ಅಂತ ಹೊರಟರೆ ಮಾತ್ರ, ಖರ್ಚು ಅವನದೇ.

ಆ ತುರ್ತು ಕಮಿಷನ್ ಮುಂದೆ ಶಾರ್ಟ್ ಸರ್ವೀಸ್ ಕಮಿಷನ್ ಆಯಿತು. ಆಗ ಐದು ವರ್ಷದ ಕರಾರು. ಇಪ್ಪತ್ತಮೂರಕ್ಕೆ ಸೇರಿದವನು ಇಪ್ಪತ್ತೊಂಬತ್ತರೊಳಗೆ ಹೊರಗೆ ಬರಬಹುದಿತ್ತು, ಕೈಯಲ್ಲಿ ಉಳಿತಾಯ ಇರುತ್ತಿತ್ತು. ಎಂ.ಬಿ.ಎ.ಗೆ ಅದು ಹೇಳಿಮಾಡಿಸಿದ ವಯಸ್ಸು. 1992ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಾಗ ಅವರಿಗೂ ಮೊದಲು ಐದೇ ವರ್ಷ.   2006ರಲ್ಲಿ ಸೈನ್ಯ ಕರಾರನ್ನು ಹತ್ತು ವರ್ಷಕ್ಕೆ ಏರಿಸಿತು, ಬೇಕಾದರೆ ಮೇಲೆ ನಾಲ್ಕು. ಅಧಿಕಾರಿಗಳ ಕೊರತೆ ನೀಗಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ದುಡಿದು ಓದುತ್ತೇನೆ ಅನ್ನುವವನ ಪಂಚಾಂಗ ಅದರಿಂದ ಕೆಟ್ಟಿತು. ಮದ್ರಾಸಿನ ಆ ಶಾಲೆ, ಅಂದರೆ ಈಗಿನ ಚೆನ್ನೈ ಅಕಾಡೆಮಿಯ ತರಬೇತಿ 49 ವಾರ, ಸೇವೆ ಹತ್ತು ವರ್ಷ. ಹೊರಗೆ ಬರುವಾಗ ಮೂವತ್ತನಾಲ್ಕು. ಆ ವಯಸ್ಸಿಗೆ ಮದುವೆಯಾಗಿರುತ್ತದೆ, ಮಗು ಶಾಲೆಗೆ ಹೋಗುತ್ತಿರುತ್ತದೆ. ಎರಡು ವರ್ಷ ಸಂಬಳವಿಲ್ಲದೆ ತರಗತಿಯಲ್ಲಿ ಕೂರುತ್ತೇನೆ ಅಂತ ಹೆಂಡತಿಯ ಮುಂದೆ ಹೇಳಲು ಬೇಕಾದ ಧೈರ್ಯಕ್ಕೆ ಯಾವ ಚಕ್ರವೂ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಲೆಫ್ಟಿನೆಂಟ್ ಒಬ್ಬನ ಮೂಲ ವೇತನ ತಿಂಗಳಿಗೆ 56,100 ರೂಪಾಯಿ. ತರಬೇತಿಯಲ್ಲೂ ಅಷ್ಟೇ ಸ್ಟೈಪೆಂಡ್. ಅಧಿಕಾರಿಯಾದ ಮೇಲೆ ಮೂಲ ವೇತನದ ಜೊತೆಗೆ ಸೇನಾ ಸೇವಾ ವೇತನ 15,500. ಊಟ, ವಸತಿಗೆ ಹೆಚ್ಚು ಖರ್ಚಿಲ್ಲದ ಜಾಗದಲ್ಲಿದ್ದರೆ ಹುಡುಗ ಚೆನ್ನಾಗಿಯೇ ಉಳಿಸುತ್ತಾನೆ. ಹತ್ತು ವರ್ಷಕ್ಕೆ ಹೊರಬಂದರೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇದೆ. ಬಿಟ್ಟು ಹೊರಡುವ ಅಧಿಕಾರಿಗಳಿಗೆ ರಕ್ಷಣಾ ಇಲಾಖೆಯ ಪುನರ್ವಸತಿ ನಿರ್ದೇಶನಾಲಯ ಐ.ಐ.ಎಂ.ಗಳಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಏರ್ಪಡಿಸುತ್ತದೆ, ಶುಲ್ಕದ ನೂರಕ್ಕೆ ಅರವತ್ತು ಭಾಗ ತಾನೇ ಕಟ್ಟುತ್ತದೆ. ನಮ್ಮಲ್ಲಿ ಜಿ.ಐ. ಬಿಲ್ಲಿಗೆ ಹತ್ತಿರದ್ದು ಅಂದರೆ ಇದೇ. ಹತ್ತಿರ ಅಷ್ಟೆ, ಸಿಗುವುದು ಸರ್ಟಿಫಿಕೇಟು, ಪದವಿಯಲ್ಲ.

ಇದಕ್ಕಿಂತ ಗಟ್ಟಿಯಾದ ದಾರಿ ಇರುವುದು ಡಾಕ್ಟರುಗಳಿಗೆ. ಎಂ.ಬಿ.ಬಿ.ಎಸ್. ಮುಗಿಸಿ ಸೇನಾ ವೈದ್ಯಕೀಯ ದಳ ಸೇರಿದವರು ಸೇವೆಯಲ್ಲಿದ್ದುಕೊಂಡೇ, ಸಂಬಳ ತೆಗೆದುಕೊಂಡೇ, ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎ.ಎಫ್.ಎಂ.ಸಿ.ಯಲ್ಲೋ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೋ ಎಂ.ಡಿ., ಎಂ.ಎಸ್. ಮಾಡಬಹುದು. ಖಾಸಗಿ ಕಾಲೇಜಿನಲ್ಲಿ ಪಿ.ಜಿ. ಸೀಟಿನ ಬೆಲೆ ಕೇಳಿ ಬೆಚ್ಚಿಬಿದ್ದ ಮನೆಗಳಿಗೆ ಇದರ ಬೆಲೆ ಗೊತ್ತಾಗುತ್ತದೆ.

ಡಾಕ್ಟರುಗಳನ್ನು ಬಿಟ್ಟು ಉಳಿದ ಪದವೀಧರರು ಅಧಿಕಾರಿಯಾಗಿ ಸೇರಬೇಕೆಂದರೆ ದಾಟಲೇಬೇಕಾದ ಹೊಸ್ತಿಲು ಆಯ್ಕೆ ಮಂಡಳಿ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲಿದೆ, ಇನ್ನೊಂದು ವಾರಾಣಸಿಯ ಕಂಟೋನ್ಮೆಂಟಿನಲ್ಲಿದೆ. ಮೊದಲ ದಿನ ಎದೆಗೆ ನಂಬರಿನ ಬಟ್ಟೆ ಕಟ್ಟುತ್ತಾರೆ. ಅಲ್ಲಿಂದ ಹೆಸರಿಲ್ಲ, ನಂಬರ್ ಅಷ್ಟೇ. ಮಸುಕಾದ ಒಂದು ಚಿತ್ರವನ್ನು ಮೂವತ್ತು ಸೆಕೆಂಡ್ ತೋರಿಸಿ ಮರೆಮಾಡುತ್ತಾರೆ, ನಾಲ್ಕು ನಿಮಿಷದಲ್ಲಿ ಅದರ ಮೇಲೊಂದು ಕಥೆ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಕೂತು ಎಲ್ಲರೂ ಒಂದೇ ಕಥೆಗೆ ಒಪ್ಪಬೇಕು. ಹದಿನೈದು ಹುಡುಗರು ಒಟ್ಟಿಗೆ ಬಾಯಿ ತೆರೆದರೆ ಸಂತೆಯೇ. ಸಂಜೆಯಾಗುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯ ನಂಬರ್ ಕೂಗದೇ ಉಳಿಯುತ್ತದೆ. ಅವರು ಪೆಟ್ಟಿಗೆ ಎತ್ತಿಕೊಂಡು ಸ್ಟೇಷನ್ನಿಗೆ ನಡೆಯುತ್ತಾರೆ. ಉಳಿದವರಿಗೆ ಇನ್ನೂ ನಾಲ್ಕು ದಿನ, ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದಗಳು, ಹಗ್ಗ, ಹಲಗೆ, ಮನಶ್ಶಾಸ್ತ್ರಜ್ಞ, ಸಂದರ್ಶನ. ಎನ್.ಸಿ.ಸಿ.ಯ ಸಿ ಸರ್ಟಿಫಿಕೇಟ್ ಇದ್ದವರಿಗೆ ಭೂಸೇನೆಯಲ್ಲಿ ಲಿಖಿತ ಪರೀಕ್ಷೆಯ ಕಾಟವಿಲ್ಲ, ನೇರ ಈ ಹಂತಕ್ಕೇ ಬರಬಹುದು. ಇಲ್ಲದವರು ಯು.ಪಿ.ಎಸ್.ಸಿ. ನಡೆಸುವ ಸಿ.ಡಿ.ಎಸ್. ಪರೀಕ್ಷೆ ಬರೆಯಬೇಕು, ಚೆನ್ನೈ ಅಕಾಡೆಮಿಗೆ ಮಾತ್ರ ಬರೆಯುವವರಿಗೆ ಅದರಲ್ಲಿ ಗಣಿತ ಇಲ್ಲ ಅನ್ನುವುದು ಕಲಾ ವಿಭಾಗದವರಿಗೆ ದೊಡ್ಡ ಸಮಾಧಾನ.

2020ರ ಮೇ ತಿಂಗಳಲ್ಲಿ ಸೈನ್ಯ ಒಂದು ಹೊಸ ಯೋಚನೆ ಮುಂದಿಟ್ಟಿತು, ಟೂರ್ ಆಫ್ ಡ್ಯೂಟಿ ಅಂತ. ಪದವಿ ಮುಗಿದ ಹುಡುಗರು ಮೂರೇ ವರ್ಷ ಸೈನ್ಯದಲ್ಲಿದ್ದು ಮರಳಿ ಬರಬಹುದು ಅನ್ನುವುದು ಅದರ ಸಾರ. ಓದಬೇಕೆನ್ನುವವರಿಗೆ ಅದು ಸರಿಹೊಂದುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 2022ರ ಜೂನ್ 14ರಂದು ಬಂದದ್ದು ಅಗ್ನಿಪಥ. ಅದು ಅಧಿಕಾರಿಗಳಿಗಲ್ಲ, ಜವಾನರಿಗೆ. ಹದಿನೇಳೂವರೆಯಿಂದ ಇಪ್ಪತ್ತೊಂದು ವಯಸ್ಸಿನವರು, ನಾಲ್ಕು ವರ್ಷ ಸೇವೆ, ನೂರಕ್ಕೆ ಇಪ್ಪತ್ತೈದು ಮಂದಿ ಉಳಿದರೆ ಮಿಕ್ಕವರು ಮನೆಗೆ. ಉತ್ತರ ಪ್ರದೇಶದ ಪೂರ್ವ ಭಾಗವಾದ ಪೂರ್ವಾಂಚಲ ಸಿಟ್ಟಾಯಿತು. ಬಲಿಯಾದಲ್ಲಿ ರೈಲಿಗೆ ಬೆಂಕಿ ಬಿತ್ತು. ಪಿಂಚಣಿಯ ನೌಕರಿಗೆಂದು ನಸುಕಿನಲ್ಲೆದ್ದು ಗದ್ದೆಯ ಬದುವಿನ ಮೇಲೆ ಓಡಿದ್ದ ಹುಡುಗರ ಸಿಟ್ಟು ಅದು. ಆಮೇಲೆ ಅದೇ ಹುಡುಗರು ವಾರಾಣಸಿ ಕಂಟೋನ್ಮೆಂಟಿನ ರಣಬಾಂಕುರೆ ಮೈದಾನದ ಭರ್ತಿ ಓಟಕ್ಕೂ ಬಂದು ನಿಂತರು.

ಆದರೆ ಈ ಯೋಜನೆಯಲ್ಲಿ ಒಂದು ಸಂಗತಿಯನ್ನು ಹೆಚ್ಚು ಮಂದಿ ಗಮನಿಸಿದಂತಿಲ್ಲ. ಅಗ್ನಿಪಥದಲ್ಲಿ ಸೇರಿದ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಹಿಡಿದಿಡುತ್ತಾರೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆಯಿಲ್ಲದೆ ಕೈಗೆ ಬರುತ್ತದೆ. ಜೊತೆಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇಗ್ನೋ ಇವರಿಗಾಗಿಯೇ ಮೂರು ವರ್ಷದ ಪದವಿ ಇಟ್ಟಿದೆ. ಅದರ ಅರ್ಧ ಕ್ರೆಡಿಟ್‌ಗಳು ಸೇನೆಯ ತರಬೇತಿಯಿಂದಲೇ ಬರುತ್ತವೆ. ಅಂದರೆ ಇಪ್ಪತ್ತೆರಡು, ಇಪ್ಪತ್ತಮೂರರಲ್ಲಿ ಪದವಿ ಕೈಯಲ್ಲಿ, ದುಡ್ಡು ಬ್ಯಾಂಕಿನಲ್ಲಿ. ನಮ್ಮ ದೇಶದಲ್ಲಿ ಎಂ.ಎ. ಸೇರುವ ವಯಸ್ಸಿಗೆ ಸರಿಯಾಗಿ ಸೈನ್ಯದಿಂದ ದುಡ್ಡಿನೊಂದಿಗೆ ಹೊರಬರುವ ವ್ಯವಸ್ಥೆ ಹಿಂದೆ ಇರಲಿಲ್ಲ. ಸರ್ಕಾರವೇ ಇದನ್ನು ಓದಿನ ಯೋಜನೆ ಅಂತ ಎಲ್ಲೂ ಹೇಳಿಕೊಂಡಿಲ್ಲ. ಅದು ಹೆಚ್ಚಾಗಿ ಮಾತಾಡುವುದು ಪೊಲೀಸ್ ಕೆಲಸ, ಬ್ಯಾಂಕ್ ಸಾಲ, ಸ್ವಂತ ಉದ್ಯಮದ ಬಗ್ಗೆ.

ಸೈನ್ಯದ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಜನವರಿಯಲ್ಲಿ. ಅದರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. 11.71 ಲಕ್ಷದಲ್ಲಿ ಐ.ಐ.ಎಂ.ನ ಎರಡು ವರ್ಷದ ಪೂರ್ತಿ ಶುಲ್ಕ ಕಟ್ಟುವುದು ಕಷ್ಟ. ಆದರೆ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಶುಲ್ಕ ಇರುವುದು ಸಾವಿರಗಳ ಲೆಕ್ಕದಲ್ಲಿ. ಗಾಜೀಪುರದ ಹುಡುಗ ಆ ಹಣದ ಚಿಕ್ಕದೊಂದು ಪಾಲಿನಲ್ಲೇ ಇತಿಹಾಸವನ್ನೋ ಭೂಗೋಳವನ್ನೋ ಓದಿ ಮುಗಿಸಬಹುದು. ಆದರೆ ಮನೆಯಲ್ಲಿ ತಂಗಿಯ ಮದುವೆ ಇರುತ್ತದೆ, ಮನೆಗೆ ತಾರಸಿ ಹಾಕಿಸುವುದಿರುತ್ತದೆ, ಎರಡು ಬಿಘಾ ಗದ್ದೆ ಕೊಳ್ಳೋಣ ಅನ್ನುವ ಅಪ್ಪ ಇರುತ್ತಾನೆ.